ಪೈಪಿಗೆ ಹತ್ತಿದ ವೆನಿಲ್ಲಾ

19 ಜನವರಿ 2003, ಭಾನುವಾರ

ಭಾವ ತಿಂಡಿ ಮುಗಿಸಿ ಹೊರಟರು. ಅವರ ಜೀಪು ಗೇಟು ದಾಟುವುದನ್ನೇ ಕಾದಿದ್ದು ಪೈಪು ಕೈಗೆತ್ತಿಕೊಂಡೆ. ನನ್ನ ಕುರ್ಚಿ, ನನ್ನ ತಂಬಾಕು, ನನ್ನ ಪೈಪು. ಒಂದು ದಮ್ಮು ಎಳೆದದ್ದೇ ತಡ, ಬಾಯಿ ತುಂಬ ಪಾಯಸ.

ಇದು ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಎಷ್ಟೋ ವರ್ಷದಿಂದ ಕೊಡುತ್ತಲೇ ಇದ್ದಾರೆ, ನಾನು ಒಂದು ಸಾಲೂ ಬರೆದವನಲ್ಲ. ಇವತ್ತು ಬರೆಯುತ್ತಿದ್ದೇನೆ, ಏಕೆಂದರೆ ಈ ಸಂಕಟವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಚಿಕ್ಕಮಗಳೂರಿನಲ್ಲಿ ಜವಳಿ ಅಂಗಡಿ ಇಟ್ಟಿರುವ ಸಿದ್ದಬಸಪ್ಪನವರು ನನ್ನ ಹೆಂಡತಿ ವಿಶಾಲಾಕ್ಷಿಯ ಸ್ವಂತ ಅಣ್ಣ. ಅವರ ಮೇಲೆ ಒಂದು ಮಾತಾಡಿದರೂ ಆ ದಿನದ ಸಾರಿಗೆ ಉಪ್ಪಿರುವುದಿಲ್ಲ.

ಆದದ್ದಿಷ್ಟು. ಸಂಕ್ರಾಂತಿಗೆಂದು ಬಂದ ಭಾವ ತಮ್ಮ ಪೈಪನ್ನು ಜೀಪಿನ ಸೀಟಿನ ಮೇಲಿಟ್ಟು, ಅದರ ಮೇಲೇ ಕೂತು, ನಳಿಗೆ ಮುರಿದುಕೊಂಡರು. "ನಿನ್ನ ಪೈಪ್ ಕೊಡು ಮಾರಾಯ, ಇರೋಷ್ಟು ದಿನ" ಎಂದರು. ಹೆಂಡತಿಯ ಅಣ್ಣ ಮನೆಗೆ ಬಂದು ಕೈ ಚಾಚಿದರೆ ಇಲ್ಲ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ನನ್ನ ಅಪ್ಪ ತಮ್ಮ ಭಾವನಿಗೆ ಹೆಗಲ ಮೇಲಿನ ಶಾಲನ್ನೇ ತೆಗೆದು ಕೊಟ್ಟಿದ್ದರಂತೆ. ಕೊಟ್ಟೆ. ಅವರು ತಂಬಾಕಿಗೆ ವೆನಿಲ್ಲಾ ಕೋಡನ್ನು, ಅಂದರೆ ಅದರ ಒಣಗಿದ ಕಾಯನ್ನು, ಸಣ್ಣಗೆ ಕತ್ತರಿಸಿ ಬೆರೆಸಿಕೊಳ್ಳುತ್ತಾರೆಂಬುದು ಆಮೇಲೆ ಗೊತ್ತಾಯಿತು.

ಒಳ್ಳೆಯ ರೇಟು ಬಂದು ಈಗ ಊರಿಗೆಲ್ಲ ವೆನಿಲ್ಲಾ ಹುಚ್ಚು. ಭಾವನಿಗೆ ಅದು ನೆತ್ತಿಗೇರಿದೆ. ಜೇಬಿನಲ್ಲಿ ಒಂದು ಕೋಡು ಇಟ್ಟುಕೊಂಡು ಸಿಕ್ಕಿದವರ ಮೂಗಿಗೆಲ್ಲ ಹಿಡಿಯುತ್ತಾರೆ. ಹಿಡಿಯಲಿ. ನನ್ನ ಪೈಪು ಏನು ಮಾಡಿತ್ತು?

ಹತ್ತೊಂಬತ್ತು ವರ್ಷದ ಪೈಪು. ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಕೊಂಡದ್ದು. ಇಷ್ಟು ವರ್ಷ ಒಂದೇ ತಂಬಾಕು ಸೇದಿ ಸೇದಿ ಬಟ್ಟಲಿನೊಳಗೆ ಮಸಿಯ ಪದರ ಕೂರಿಸಿದ್ದೆ. ಆ ಪದರವೇ ಪೈಪಿನ ರುಚಿ. ಅದು ಹೀರಿಕೊಂಡದ್ದನ್ನು ಬಿಡುವುದಿಲ್ಲ. ಇಂಗಿನ ಡಬ್ಬಿಗೆ ಸಕ್ಕರೆ ತುಂಬಿ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

21 ಜನವರಿ, ಮಂಗಳವಾರ

ನಿನ್ನೆಯಿಂದ ಮತ್ತೆ ಮತ್ತೆ ತುಂಬಿ ಸೇದುತ್ತಿದ್ದೇನೆ. ಹೊಸ ಹೊಗೆ ಹಳೆಯದನ್ನು ಓಡಿಸಬೇಕಲ್ಲ. ಓಡಿಸಲಿಲ್ಲ. ಮೊದಲ ಎರಡು ದಮ್ಮು ಸರಿಯಾಗಿರುತ್ತದೆ. ಬಟ್ಟಲು ಬಿಸಿಯಾದ ಕೂಡಲೇ ಭಾವ ಒಳಗಿನಿಂದ ಎದ್ದು ಬರುತ್ತಾರೆ.

ಕಣದ ಹತ್ತಿರ ನಿಂತು ಸೇದುತ್ತಿದ್ದೆ. ಮಗಳು ಭುವನಾ ಓಡಿ ಬಂದು, "ಅಪ್ಪಾಜಿ, ಪಾರ್ಚ್‌ಮೆಂಟ್ ಒಣಗ್ತಿದೆ, ದಯವಿಟ್ಟು ಹೊಗೆ ಆ ಕಡೆ" ಎಂದಳು. ತೊಳೆದ ಕಾಫಿ ಬೀಜ ಒಣಗಲು ಹರಡಿದ ನನ್ನ ಕಣದಲ್ಲಿ ನನಗೇ ಗಾಳಿಯ ದಿಕ್ಕು ತೋರಿಸುತ್ತಾಳೆ.

ಈ ಹುಡುಗಿಯ ಹಟವನ್ನೂ ಇಲ್ಲೇ ಬರೆದಿಡುತ್ತೇನೆ. ಬಿ.ಎಸ್ಸಿ. ಮಾಡಿದಳು, ಮೂಡಿಗೆರೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದಳು, ಬಿಟ್ಟು ಬಂದು ತೋಟಕ್ಕಿಳಿದಳು. ಮದುವೆಯ ಮಾತೆತ್ತಿದರೆ ಹಣ್ಣು ಸುಲಿಯುವ ಪಲ್ಪರ್ ರಿಪೇರಿಯ ಮಾತೆತ್ತುತ್ತಾಳೆ. ಕಾಫಿಗೆ ರೇಟು ನೆಲಕಚ್ಚಿರುವ ಕಾಲ ಇದು. ಹಳ್ಳದ ಬದಿಯ ತೋಟದಲ್ಲಿ ಕಾಫಿ ಕಿತ್ತು ವೆನಿಲ್ಲಾ ಹಬ್ಬಿಸೋಣ, ನಾನೂ ಪಾಲುದಾರನಾಗುತ್ತೇನೆ ಎಂದು ಭಾವ ಹೇಳಿದಾಗ ನನಗೆ ಸರಿಯೆನಿಸಿತು. ಇವಳು ಎರಡು ದಿನ ಊಟ ಬಿಟ್ಟಳು. ಕೊನೆಗೆ ಒಂದು ಮಾತು ಕೊಟ್ಟೆ: ಈ ಫಸಲನ್ನು ನಿನ್ನ ಇಷ್ಟದಂತೆ ಮಾಡು, ಗೋಣಿಬೀಡಿನ ವ್ಯಾಪಾರಿಯಲ್ಲ, ರುಚಿ ನೋಡಿ ಕೊಳ್ಳುವವರು ಯಾರಾದರೂ ಇದನ್ನು ಬೇಕು ಎಂದರೆ ಆ ತೋಟ ಕಾಫಿಯಾಗಿಯೇ ಇರಲಿ. ಇಲ್ಲವಾದರೆ ಯುಗಾದಿಗೆ ಮೊದಲು ಭಾವನಿಗೆ.

ಯಾರೂ ಬೇಕು ಎನ್ನುವುದಿಲ್ಲ ಎಂದುಕೊಂಡೇ ಮಾತು ಕೊಟ್ಟದ್ದು. ಇದು ನನ್ನ ಡೈರಿ, ಸುಳ್ಳು ಏಕೆ ಬರೆಯಲಿ.

24 ಜನವರಿ, ಶುಕ್ರವಾರ

ಕ್ಲಬ್ಬಿನಲ್ಲಿ ನಿವೃತ್ತ ಕರ್ನಲ್ ಒಬ್ಬರು ಪೈಪಿನ ಪಂಡಿತರು. ಬಟ್ಟಲಿಗೆ ಉಪ್ಪು ತುಂಬಿ, ಮೇಲೆ ಬ್ರಾಂದಿ ಸುರಿದು ಒಂದು ದಿನ ಬಿಡಬೇಕಂತೆ. ಉಪ್ಪು ವಾಸನೆಯನ್ನು ಎಳೆದುಕೊಳ್ಳುತ್ತದಂತೆ.

ಉಪ್ಪು ಮನೆಯಲ್ಲಿದೆ. ಲಿಂಗಪೂಜೆ ಮಾಡುವ ಮನೆಯಲ್ಲಿ ಬ್ರಾಂದಿ ಎಲ್ಲಿಂದ ತರುವುದು? ಮೇಸ್ತ್ರಿ ಮಂಜಯ್ಯನಿಗೆ ಹೇಳಿದೆ. ಅವನು ಧರ್ಮಸ್ಥಳದಲ್ಲಿ ಆಣೆ ಇಟ್ಟು ಕುಡಿತ ಬಿಟ್ಟವನು. ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಕೈಮುಗಿದ. ಕೊನೆಗೆ ನಾನೇ ಗೋಣಿಬೀಡಿಗೆ ಹೋಗಿ, ತಲೆಗೆ ಟವೆಲ್ ಕಟ್ಟಿಕೊಂಡು, ಒಂದು ಕ್ವಾರ್ಟರ್ ತಂದೆ. ಮನೆಗೆ ಬರುವುದರೊಳಗೆ ಸುದ್ದಿ ನನಗಿಂತ ಮೊದಲು ಬಂದು ಕೂತಿತ್ತು.

"ಪೈಪಿಗೆ" ಎಂದೆ. ವಿಶಾಲಾಕ್ಷಿ ನನ್ನ ಮುಖವನ್ನೇ ನೋಡಿದಳು. "ಹಾಗಂತ ಯಾರಿಗಾದ್ರೂ ಹೇಳಿ ನೋಡಿ, ನಂಬ್ತಾರಾ ಅಂತ" ಎಂದಳು.

27 ಜನವರಿ, ಸೋಮವಾರ

ಈಗ ಬ್ರಾಂದಿ ಹಾಕಿದ ಪಾಯಸ. ಉಪ್ಪೂ ಇದೆ.

2 ಫೆಬ್ರವರಿ, ಭಾನುವಾರ

ಬೆಳಗ್ಗೆ ಗೋಡೌನಿನಲ್ಲಿ ಗಲಾಟೆ. ಮಂಜಯ್ಯ ಸೀಮೆಎಣ್ಣೆಯ ಕ್ಯಾನನ್ನು ಕಾಫಿ ಮೂಟೆಯ ಪಕ್ಕದಲ್ಲಿಟ್ಟಿದ್ದನಂತೆ. ಭುವನಾ ಅವನನ್ನು ತರಾಟೆಗೆ ತೆಗೆದುಕೊಂಡಳು. ಅವಳಿಗೆ ಕಣದ ಧೂಳಿನಿಂದ ನೆಗಡಿಯಾಗಿ ಮೂಗು ಕಟ್ಟಿದೆ, ಆದರೂ ದನಿಗೇನೂ ಕಡಿಮೆಯಿಲ್ಲ. ಅವಳು ಹೇಳಿದ್ದು ಹೊಸದೇನಲ್ಲ. ಒಣಗಿದ ಕಾಫಿ ಬೀಜದ ಹತ್ತಿರ ಮೆಣಸಿಟ್ಟರೆ ಮೆಣಸು, ಡೀಸೆಲ್ ಇಟ್ಟರೆ ಡೀಸೆಲ್, ಏನಿಟ್ಟರೂ ವಾಸನೆ ಹೀರಿಬಿಡುತ್ತದೆ. ನನ್ನ ಅಪ್ಪ ಗೋಡೌನಿಗೆ ಯಾರನ್ನೂ ಹೂ ಮುಡಿದು ಬರಲು ಬಿಡುತ್ತಿರಲಿಲ್ಲ.

ಅಲ್ಲಿ ನಿಂತು ಕೇಳುತ್ತಿದ್ದಂತೆ ತಲೆಯಲ್ಲಿ ದೀಪ ಹತ್ತಿತು. ಉಪ್ಪು ಮಾಡದ್ದನ್ನು ಕಾಫಿ ಮಾಡಬಾರದೇಕೆ? ಕರ್ನಲ್ಲಿಗೆ ಕಾಫಿಯ ವಿಷಯ ಏನು ಗೊತ್ತು. ಮೂರು ತಲೆಮಾರಿನಿಂದ ಕಾಫಿ ಬೆಳೆದವರು ನಾವು.

ಎಲ್ಲರೂ ಊಟಕ್ಕೆ ಹೋದ ಮೇಲೆ ಒಳಗೆ ಹೋದೆ. ಹಿಂದಿನ ಶೆಲ್ಫಿನಲ್ಲಿ ಬಿಳಿ ಬಟ್ಟೆಯ ಚೀಲವೊಂದಿತ್ತು, ಬಾಯಿಗೆ ಕೆಂಪು ದಾರ. ಬಿಚ್ಚಿದರೆ ಸಿಪ್ಪೆ ತೆಗೆದು ಆರಿಸಿದ ಒಳ್ಳೆಯ ಬೀಜ. ಪೈಪನ್ನು ಮಧ್ಯಕ್ಕೆ ಹುಗಿದು, ಇದ್ದ ಹಾಗೆಯೇ ದಾರ ಕಟ್ಟಿ ಬಂದೆ. ಒಂದು ವಾರ ಸೇದದೆ ಇರಬೇಕು, ಅದೇ ಕಷ್ಟ. ಇರಲಿ, ಭಾವನನ್ನು ಹೊರಗೆ ಹಾಕಿದರೆ ಸಾಕು.

8 ಫೆಬ್ರವರಿ, ಶನಿವಾರ

ತೆಗೆದೆ. ಸೇದಿದೆ. ವೆನಿಲ್ಲಾ ಅರ್ಧಕ್ಕರ್ಧ ಇಳಿದಿದೆ. ಇದಕ್ಕೇ ಅನುಭವ ಎನ್ನುವುದು. ಕರ್ನಲ್ಲಿಗೆ ಹೇಳಬೇಕು. ಇಡೀ ದಿನ ಮನಸ್ಸು ಹಗುರವಾಗಿತ್ತು. ಮಂಜಯ್ಯನ ಮೇಲೆ ಒಂದು ಸಲವೂ ಕೂಗಾಡಲಿಲ್ಲ. ಅವನೇ ಬಂದು, "ಮೈಗೆ ಹುಷಾರಿಲ್ವ ಅಯ್ಯಾ?" ಎಂದು ಕೇಳಿದ.

11 ಫೆಬ್ರವರಿ, ಮಂಗಳವಾರ

ಅರ್ಧ ಇಳಿದದ್ದು ನಿಜ. ಉಳಿದರ್ಧ ಹಠ ಹಿಡಿದಿದೆ. ಭಾವನ ತಂಗಿಗೂ ಇದೇ ಗುಣ.

ಇವತ್ತು ನನಗೆ ಪೋಸ್ಟ್‌ಮ್ಯಾನ್ ಕೆಲಸ. ಭುವನಾಳ ಸ್ಯಾಂಪಲ್ಲನ್ನು ಬೆಂಗಳೂರಿನ ಬಸ್ಸಿಗೆ ತಲುಪಿಸಬೇಕಿತ್ತು. ಅಲ್ಲಿ ಮೇಘಶ್ರೀ ಎಂಬ ಹೆಂಗಸು ಕಾಫಿ ಹುರಿದು ದೊಡ್ಡ ಹೋಟೆಲುಗಳಿಗೆ ಕೊಡುತ್ತಾಳಂತೆ, ರುಚಿ ನೋಡಿಯೇ ಕೊಳ್ಳುವವಳಂತೆ. ಕೆಂಪು ದಾರದ ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಡಕ್ಟರನ ಕೈಗೆ ಕೊಟ್ಟು ಬಂದೆ. ಮಗುವನ್ನು ಕೊಡುವಂತೆ ಹುಷಾರಾಗಿ ಕೊಡಿ ಎಂದು ನಾಲ್ಕು ಸಲ ಹೇಳಿ ಕಳಿಸಿದ್ದಳು. ನನ್ನ ಮಗಳಿಗೆ ನನ್ನ ಮೇಲೆ ಇರುವ ನಂಬಿಕೆ ಅಷ್ಟು.

26 ಫೆಬ್ರವರಿ, ಬುಧವಾರ

ಇಂದು ಫೋನು ಬಂತು. ಭುವನಾ ರಿಸೀವರ್ ಹಿಡಿದು ಅಲ್ಲಾಡದೆ ನಿಂತಿದ್ದಳು. ಕೆಟ್ಟ ಸುದ್ದಿಯೇ ಇರಬೇಕೆಂದುಕೊಂಡೆ. ಇಟ್ಟವಳೇ ತಾಯಿಯನ್ನು ಅಪ್ಪಿಕೊಂಡಳು. ಆ ಮೇಘಶ್ರೀ ಇಂಥ ಕಾಫಿಯನ್ನು ಈ ಕಡೆಯಿಂದ ಕುಡಿದೇ ಇಲ್ಲ ಎಂದಳಂತೆ. ಇದ್ದಷ್ಟೂ ತನಗೇ ಬೇಕಂತೆ. ಮುಂದಿನ ತಿಂಗಳು ತಾನೇ ನೋಡಲು ಬರುತ್ತಾಳಂತೆ.

ವಿಶಾಲಾಕ್ಷಿ ಹೋಳಿಗೆ ಮಾಡಿದಳು. ಮಂಜಯ್ಯನಿಗೂ ಎಲೆ ಹಾಕಿದೆವು. ನನಗೂ ಸಂತೋಷವೇ ಆಯಿತು, ಇಲ್ಲವೆನ್ನುವುದಿಲ್ಲ. ಒಂದು ಕಡೆ ಭಾವನಿಗೆ ಏನು ಹೇಳುವುದೆಂಬ ಚಿಂತೆ, ಇನ್ನೊಂದು ಕಡೆ ಎದೆ ಉಬ್ಬಿತ್ತು. ಊಟದ ನಡುವೆ ಭುವನಾ ಹೇಳಿದಳು, "ಎಂಥ ಮೂಗು ನೋಡಿ ಅಪ್ಪಾಜಿ ಅವ್ರದ್ದು. ವೆನಿಲ್ಲಾದ ಘಮ ಇದೆಯಂತೆ, ಆಮೇಲೆ ಒಳ್ಳೇ ಪೈಪ್ ತಂಬಾಕಿನ ಘಮವಂತೆ. ನಮ್ಮ ಮಣ್ಣಿನಲ್ಲೇ ಏನೋ ಇದೆ ಅಂದ್ರು."

ಎರಡನೇ ಹೋಳಿಗೆಯನ್ನು ಎಲೆಯ ಮೇಲೆ ವಾಪಸ್ಸು ಇಟ್ಟೆ.

ಕೆಂಪು ದಾರ.

27 ಫೆಬ್ರವರಿ, ಗುರುವಾರ

ತಪ್ಪು ಯಾರದು? ಪೈಪನ್ನು ಕೇಳಿದ ಭಾವನದು. ಕೇಳಿದವರಿಗೆ ಕೊಡಲೇಬೇಕೆಂದು ಪದ್ಧತಿ ಮಾಡಿಟ್ಟ ಹಿರಿಯರದು. ಸ್ಯಾಂಪಲ್ ಎಂದು ಚೀಲದ ಮೇಲೆ ಬರೆಯದ ಭುವನಾಳದು. ಅವಳ ನೆಗಡಿಯದು. ಅಷ್ಟು ಚೂಪು ಮೂಗಿಟ್ಟುಕೊಂಡು ಹೊಗೆಯ ವಾಸನೆಯನ್ನು ಮಣ್ಣಿನ ಗುಣ ಎಂದ ಆ ಹೆಂಗಸಿನದು.

ಇಷ್ಟು ಬರೆದು ಓದಿಕೊಂಡೆ. ಯಾವುದೂ ನಿಲ್ಲಲಿಲ್ಲ.

ಹೇಳಿಬಿಡಲೆಂದು ಸಂಜೆ ಕಣದ ತನಕ ಹೋದೆ. ಭುವನಾ ಮಂಜಯ್ಯನಿಗೆ ಬೀಜ ಮೂಸಿ ತೋರಿಸುತ್ತಿದ್ದಳು. ಪಾಪ ಅವನು ಕಣ್ಣು ಮುಚ್ಚಿ, ಹೌದು ಹೌದು, ಬರುತ್ತದೆ ಎನ್ನುತ್ತಿದ್ದ. ವಾಪಸ್ಸು ಬಂದೆ.

4 ಮಾರ್ಚ್, ಮಂಗಳವಾರ

ಪೈಪು ಸೇದಲು ಮನಸ್ಸೇ ಬರುತ್ತಿಲ್ಲ. ಸೇದಿದರೆ ವೆನಿಲ್ಲಾ, ಸೇದದಿದ್ದರೆ ಅದರ ಯೋಚನೆ. ನಾಲಿಗೆಯ ಮೇಲಿದ್ದದ್ದು ಈಗ ತಲೆಯೊಳಗೆ ಸೇರಿದೆ.

ಆ ಹೆಂಗಸು ಬರುತ್ತಾಳೆ, ಮೂಟೆ ಬಿಚ್ಚಿಸಿ ರುಚಿ ನೋಡುತ್ತಾಳೆ, ವೆನಿಲ್ಲಾ ಇರುವುದಿಲ್ಲ. ಸ್ಯಾಂಪಲ್ ಒಂದು, ಸರಕು ಇನ್ನೊಂದು ಎಂದು ಭುವನಾಳ ಮುಖಕ್ಕೇ ಹೇಳಿ ಹೋಗುತ್ತಾಳೆ. ಕಾಫಿಯೂ ಹೋಯಿತು, ಹೆಸರೂ ಹೋಯಿತು. ಹುಡುಗಿ ಒಂದು ವರ್ಷ ಬಿಸಿಲಲ್ಲಿ ನಿಂತದ್ದಕ್ಕೆ ಕಳ್ಳಿ ಎನ್ನಿಸಿಕೊಳ್ಳಬೇಕು.

ಅದಕ್ಕೊಂದು ದಾರಿ ಹುಡುಕಿದ್ದೇನೆ. ಭಾವನಿಗೆ ಫೋನು ಮಾಡಿ ಒಂದು ಕಟ್ಟು ವೆನಿಲ್ಲಾ ಕೋಡು ಬೇಕು ಎಂದೆ. ಅವರಿಗೆ ಆನಂದವೋ ಆನಂದ. "ಕೊನೆಗೂ ಬುದ್ಧಿ ಬಂತಲ್ಲ ಮಾರಾಯ" ಎಂದರು. ಏಕೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಳೆ ಬಸ್ಸಿನಲ್ಲಿ ಕಳಿಸುತ್ತಾರೆ. ಒಂದೊಂದು ಮೂಟೆಗೆ ನಾಲ್ಕು ನಾಲ್ಕು ಹುಗಿದರೆ ಆಯಿತು. ನಾನು ಯಾರಿಗೂ ಮೋಸ ಮಾಡುತ್ತಿಲ್ಲ. ಅವಳಿಗೆ ಬೇಕಾದ ರುಚಿಯನ್ನೇ ಕೊಡುತ್ತಿದ್ದೇನೆ.

ಈ ಮೇಲಿನ ವಾಕ್ಯವನ್ನು ಹೊಡೆದುಹಾಕಬೇಕು ಎನಿಸುತ್ತಿದೆ. ಇರಲಿ.

9 ಮಾರ್ಚ್, ಭಾನುವಾರ

ಮಧ್ಯಾಹ್ನ ಭುವನಾ ಮಲಗಿರುತ್ತಾಳೆಂದು ಕೋಡಿನ ಕಟ್ಟನ್ನು ಜುಬ್ಬದ ಜೇಬಿಗೆ ಹಾಕಿಕೊಂಡು ಗೋಡೌನಿಗೆ ಹೋದೆ. ಅವಳು ಅಲ್ಲೇ ಇದ್ದಳು. ಮೂಟೆಗಳ ನಡುವೆ ನೆಲದ ಮೇಲೆ ಕೂತು, ಒಂದು ಮೊರದಲ್ಲಿ ಬೀಜ ಹರಡಿಕೊಂಡು, ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದಳು. ನೆಗಡಿ ಪೂರ್ತಿ ಬಿಟ್ಟಿದೆ.

"ನಂಗೆ ಸಿಗ್ತಿಲ್ಲ ಅಪ್ಪಾಜಿ" ಎಂದಳು. "ಅವ್ರಿಗೆ ಸಿಕ್ಕಿದ್ದು ನಂಗೆ ಸಿಗ್ತಿಲ್ಲ. ಅಷ್ಟು ಚೆನ್ನಾಗಿರೋದು ನಮ್ಮ ಮಣ್ಣಲ್ಲೇ ಇತ್ತು, ಇಷ್ಟು ವರ್ಷ ನಾವೇ ಸರಿಯಾಗಿ ಒಣಗಿಸದೆ ಕಳ್ಕೊಂಡ್ವಿ. ಈಗ ಬಂದಿದೆ, ಆದ್ರೂ ನನ್ನ ಮೂಗಿಗೆ ಹತ್ತಲ್ಲ. ಕಲೀಬೇಕು."

ನನ್ನ ಜೇಬಿನಿಂದ ಘಮ್ಮೆನ್ನುತ್ತಿತ್ತು. ಅದು ಮಾತ್ರ ಅವಳಿಗೆ ಗೊತ್ತಾಯಿತು. ಮೂಗು ಎತ್ತಿದಳು, ನನ್ನತ್ತ ನೋಡಿದಳು, ಜೇಬನ್ನು ನೋಡಿದಳು.

ಹೇಳಿದೆ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಪೈಪು ಹುಗಿದದ್ದು, ದಾರ ಕಟ್ಟಿದ್ದು, ಈಗ ಜೇಬಿನಲ್ಲಿರುವುದು ಏತಕ್ಕೆಂಬುದು. ನನಗೆ ಅರುವತ್ತು ಹತ್ತಿರ ಬಂತು, ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಕೂಗಾಡುತ್ತಾಳೆಂದು ಕಾದೆ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೊರದಲ್ಲಿದ್ದ ಬೀಜವನ್ನು ಮೂಟೆಗೆ ಸುರಿದಳು, ಕೈ ಕೊಡವಿದಳು. ಆಮೇಲೆ ಹೇಳಿದಳು, "ನೀವು ಹೇಳ್ದೆ ಇದ್ದಿದ್ರೆ ನಾನು ಸಾಯೋವರ್ಗೂ ಪ್ರತಿ ಫಸಲಲ್ಲೂ ಅದನ್ನೇ ಹುಡುಕ್ತಿದ್ದೆ ಅಪ್ಪಾಜಿ."

10 ಮಾರ್ಚ್, ಸೋಮವಾರ

ಬೆಳಗ್ಗೆ ಅವಳೇ ಬೆಂಗಳೂರಿಗೆ ಫೋನು ಮಾಡಿದಳು. ನಾನೇ ಮಾತಾಡುತ್ತೇನೆ ಎಂದೆ, ಬೇಡವೆಂದಳು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನನ್ನ ಹೆಸರನ್ನು ಹೇಳಲಿಲ್ಲ, "ನಮ್ಮ ಮನೇಲಿ ಒಂದು ತಪ್ಪಾಯ್ತು ಮೇಡಂ" ಎಂದಳು. ಹೇಗಾಯಿತೆಂದು ಬಿಡಿಸಿ ಹೇಳಿದಳು. ಆ ಕಡೆಯಿಂದ ನಕ್ಕ ಸದ್ದು ನನಗೂ ಕೇಳಿಸಿತು. ಬರುವುದನ್ನು ತಪ್ಪಿಸುವುದಿಲ್ಲವಂತೆ, ಆದರೆ ಮೊದಲು ಹೇಳಿದ ಮಾತು ಈಗ ಲೆಕ್ಕಕ್ಕಿಲ್ಲವಂತೆ. ಇನ್ನೊಮ್ಮೆ ರುಚಿ ನೋಡಿ ಹೇಳುತ್ತಾಳಂತೆ.

ವಿಶಾಲಾಕ್ಷಿಗೆ ಎಲ್ಲ ತಿಳಿಯಿತು. "ಬ್ರಾಂದಿಯನ್ನ ಕುಡಿದಿದ್ರೇ ವಾಸಿ ಇತ್ತು ನೀವು" ಎಂದಳು.

16 ಮಾರ್ಚ್, ಭಾನುವಾರ

ನನ್ನ ಮನೆಯಲ್ಲಿ ನನಗೇ ಮೈಲಿಗೆ. ಬೆಳಗ್ಗೆ ಎರಡು ಸಲ ಸ್ನಾನ ಮಾಡಿಸಿದರು. ಜುಬ್ಬವನ್ನೂ ಬದಲಾಯಿಸಿದರು. ಪೈಪನ್ನು ಗೋಡೌನಿನ ಮೆಟ್ಟಿಲ ಮೇಲಿಟ್ಟು ಒಳಗೆ ಬರಬೇಕಂತೆ, ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವ ಹಾಗೆ. ಇಟ್ಟೆ.

ಮೇಘಶ್ರೀ ನಾನು ಎಣಿಸಿದ್ದಕ್ಕಿಂತ ಚಿಕ್ಕವಳು, ಕೂದಲು ಕತ್ತರಿಸಿಕೊಂಡಿದ್ದಾಳೆ. ಕೈಯಲ್ಲಿ ತಿರುಗಿಸುವ ಪುಟ್ಟ ರೋಸ್ಟರನ್ನು ತಾನೇ ತಂದಿದ್ದಳು. ತಾನೇ ಆರಿಸಿದ ಮೂಟೆಗಳಿಂದ ಬೀಜ ತೆಗೆದು ಹುರಿದಳು, ಪುಡಿ ಮಾಡಿ ಸಾಲಾಗಿ ಲೋಟಗಳಿಗೆ ಹಾಕಿ ಬಿಸಿನೀರು ಸುರಿದಳು. ಹಾಲಿಲ್ಲ, ಸಕ್ಕರೆಯಿಲ್ಲ. ಆಮೇಲೆ ಚಮಚದಲ್ಲಿ ತೆಗೆದು ಸೊರ್ ಎಂದು ಹೀರಿ ಉಗಿಯುವುದು. ಇದಕ್ಕೆ ಕಪ್ಪಿಂಗ್ ಎಂಬ ಹೆಸರು. ನಾನು ಹಾಗೆ ಹೀರಿದರೆ ವಿಶಾಲಾಕ್ಷಿ ಎದ್ದು ಹೋಗುತ್ತಾಳೆ.

ಭುವನಾ ಎದುರಿಗೆ ನಿಂತಿದ್ದಳು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಪರೀಕ್ಷೆಗೆ ಹೋಗುವಾಗಲೂ ಅವಳು ಹಾಗೆ ನಿಂತದ್ದು ನಾನು ನೋಡಿಲ್ಲ. ನಾನು ಗೋಡೆಗೊರಗಿ ಉಸಿರು ಬಿಡದೆ ನಿಂತಿದ್ದೆ, ನನ್ನ ಉಸಿರಿನಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಚೊಕ್ಕಟವಾಗಿದೆ ಎಂದಳು ಮೇಘಶ್ರೀ. ಕಿತ್ತಳೆಯ ಹಾಗೆ ಸಣ್ಣ ಹುಳಿಯಿದೆ, ಅದು ಒಳ್ಳೆಯದು. ಆದರೆ ಮೊದಲಿನಷ್ಟು ಘಮವಿಲ್ಲ. ಇನ್ನೂ ನಿಧಾನವಾಗಿ, ನೆರಳಿನಲ್ಲಿ ಒಣಗಿಸಬೇಕಿತ್ತು. ಎಲ್ಲವನ್ನೂ ತೆಗೆದುಕೊಳ್ಳಲಾರೆ, ಮೂರು ಮೂಟೆ ಕೊಡಿ, ಮುಂದಿನ ವರ್ಷ ನೋಡೋಣ.

ಮೂರು ಮೂಟೆ. ಗೋಡೌನಿನ ಮೂಲೆಯೂ ಖಾಲಿಯಾಗುವುದಿಲ್ಲ. ನನಗೆ ಸಿಟ್ಟು ಬಂದು, "ಸ್ವಲ್ಪ ಆರಲಿಕ್ಕೆ ಬಿಟ್ಟು ಕುಡೀರಿ ಮೇಡಂ, ಆವಾಗ ಗೊತ್ತಾಗುತ್ತೆ" ಎಂದುಬಿಟ್ಟೆ. ಕಿತ್ತಳೆ ಗಿಡದ ಸಾಲು ಹಳ್ಳದ ಬದಿಗೇ ಇರುವುದು, ನೆರಳಿಗೆ ನನ್ನಪ್ಪ ನೆಟ್ಟದ್ದು, ಅದನ್ನೆಲ್ಲ ಹೇಳತೊಡಗಿದೆ. ಭುವನಾ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಆ ಹೆಂಗಸು ಮಾತ್ರ ತಾಳ್ಮೆಯಿಂದ ಇನ್ನೊಂದು ಚಮಚ ಹೀರಿ, ಹೌದು, ಆರಿದಾಗ ಇನ್ನೂ ಚೆನ್ನಾಗಿದೆ ಎಂದಳು. ಆದರೂ ಮೂರೇ ಮೂಟೆ.

ಅವಳು ಹೋದ ಮೇಲೆ ಉಳಿದ ಲೋಟದಲ್ಲಿ ನಾನೂ ಒಂದು ಚಮಚ ಹೀರಿ ನೋಡಿದೆ. ಕಹಿ. ಆಮೇಲೆ ಸ್ವಲ್ಪ ಹೊತ್ತಿಗೆ ನಾಲಿಗೆಯ ಪಕ್ಕದಲ್ಲಿ ಏನೋ. ಕಿತ್ತಳೆಯೇ ಇರಬಹುದು. ಖಾತ್ರಿಯಿಲ್ಲ.

23 ಮಾರ್ಚ್, ಭಾನುವಾರ

ಭಾವ ಬಂದರು. ಜೀಪಿನ ಹಿಂದೆ ವೆನಿಲ್ಲಾ ಬಳ್ಳಿಯ ತುಂಡುಗಳ ಕಟ್ಟು, ಒದ್ದೆ ಗೋಣಿಯಲ್ಲಿ ಸುತ್ತಿದ್ದು. ನಾನು ಕೋಡು ಕೇಳಿದ್ದನ್ನೇ ಒಪ್ಪಿಗೆ ಎಂದುಕೊಂಡಿದ್ದಾರೆ. ಕಾಫಿ ಗಿಡ ಕೀಳಲು ಆಳುಗಳಿಗೂ ಹೇಳಿ ಬಂದಿದ್ದರು. ಯುಗಾದಿಯೊಳಗೆ ಕೆಲಸ ಶುರುವಾಗಬೇಕಂತೆ.

ಜಗುಲಿಯಲ್ಲಿ ಕೂತು ಮೊದಲು ಕೈ ಚಾಚಿದರು. ಅವರ ಹೊಸ ಪೈಪು ಸರಿಯಿಲ್ಲವಂತೆ, "ನಿಂದು ಕೊಡು, ಅದು ನನ್ನ ತಂಬಾಕಿಗೆ ಒಗ್ಗಿಬಿಟ್ಟಿದೆ" ಎಂದರು. ಕೊಟ್ಟೆ. ತುಂಬಿದರು, ಸೇದಿದರು, ಆಹಾ ಎಂದರು. ನನಗೆ ಏನೂ ಅನಿಸಲಿಲ್ಲ.

ಭುವನಾ ಕಾಫಿ ತಂದಳು. ಲೋಟ ಇಟ್ಟವಳು ಒಳಗೆ ಹೋಗದೆ ಬಾಗಿಲ ಹತ್ತಿರ ನಿಂತಳು. ಸೋದರಮಾವನ ಎದುರು ಅವಳು ಮಾತಾಡುವುದಿಲ್ಲ. ಮಾತಾಡಬೇಕಾದವನು ನಾನು. ಮೂರು ಮೂಟೆ ಬೇಕು ಎಂದದ್ದು ಬೇಕು ಎಂದ ಹಾಗೋ ಅಲ್ಲವೋ? ವಾರದಿಂದ ಅದನ್ನೇ ತೂಗುತ್ತಿದ್ದೆ. ಅವಳು ಒಂದು ಸಲವೂ ಕೇಳಿರಲಿಲ್ಲ.

ಭಾವ ಎದ್ದರು. "ನಡಿ, ತೋಟಕ್ಕೆ ಹೋಗಿ ಎಲ್ಲಿಂದ ಶುರು ಮಾಡೋದು ನೋಡೋಣ" ಎಂದರು.

"ಆ ತೋಟ ನಂದಲ್ಲ ಭಾವ" ಎಂದೆ. "ಭುವನಂದು. ಕೊಡೋದಾದ್ರೆ ಅವಳು ಕೊಡ್ಬೇಕು."

ಭಾವ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಹೆಣ್ಣುಮಗಳ ಮಾತು ಕೇಳಿ, ಮನೆಗೆ ಬಂದ ನಂಗೆ ಇಲ್ಲ ಅಂತೀಯಲ್ಲ" ಎಂದರು. ಹಾಗೆ ಇಲ್ಲ ಎಂದವನು ನಮ್ಮ ಮನೆಯಲ್ಲಿ ನಾನೇ ಮೊದಲು. ಅವರು ಕಾಫಿ ಕುಡಿಯದೆ, ಬಳ್ಳಿಯ ಕಟ್ಟನ್ನು ಅಂಗಳದಲ್ಲಿ ಎಸೆದು, ನನ್ನ ಪೈಪನ್ನು ಲೋಟದ ಪಕ್ಕ ಕುಕ್ಕಿ ಹೊರಟರು. ಪೈಪನ್ನಾದರೂ ಒಯ್ಯಬಾರದಿತ್ತೇ.

ವಿಶಾಲಾಕ್ಷಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಸಾರಿಗೆ ಉಪ್ಪು ಮಾತ್ರ ಸರಿಯಾಗಿದೆ. ಸಂಜೆ ನೋಡಿದರೆ ಎರಡು ಬಳ್ಳಿಯನ್ನು ಬಚ್ಚಲ ಹಿಂದೆ ನುಗ್ಗೆ ಮರಕ್ಕೆ ಹಬ್ಬಿಸಲು ನೆಡುತ್ತಿದ್ದಳು. ಅಣ್ಣ ತಂದದ್ದು, ಒಣಗಬಾರದಲ್ಲ. ನಾನು ನೀರು ತಂದುಕೊಟ್ಟೆ. ತೆಗೆದುಕೊಂಡಳು.

6 ಏಪ್ರಿಲ್, ಭಾನುವಾರ

ಹದಿನೈದು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಕಳೆದ ಗುರುವಾರ ಕಾಫಿ ಅರಳಿಸುವ ಹೂಮಳೆ ಬಂತು, ಕೇಳಿಕೊಂಡ ಹಾಗೆ. ಹಳ್ಳದ ಬದಿಯೆಲ್ಲ ಮೊಗ್ಗು ಉಬ್ಬಿ ನಿಂತಿದೆ. ಇನ್ನು ನಾಲ್ಕೈದು ದಿನದಲ್ಲಿ ಅರಳಿ ಪೂರ್ತಿ ಬೆಳ್ಳಗಾಗುತ್ತದೆ. ಭುವನಾ ನೆರಳಿನಲ್ಲಿ ಒಣಗಿಸಲು ಬಿದಿರಿನ ಅಟ್ಟಣೆ ಮಾಡಿಸುತ್ತಿದ್ದಾಳೆ. ಆಳೆತ್ತರ ಮಾಡಿಸಿದ್ದಾಳೆ, ಸೊಂಟದೆತ್ತರ ಸಾಕು ಎಂದೆ, ಕೇಳಲಿಲ್ಲ. ಸಿಟ್ಟು ಬಂತು. ಮಧ್ಯಾಹ್ನ ಅವಳೇ ಬಂದು ಅಟ್ಟಣೆಯ ಕಾಲು ಕತ್ತರಿಸಿ ಎಂದಳು. ಮೊದಲೇ ಕೇಳಿದ್ದರೆ ಬಿದಿರು ಉಳಿಯುತ್ತಿತ್ತು. ಈ ಮನೆಯಲ್ಲಿ ನನ್ನ ಮಾತು ನಡೆಯುವುದು ಯಾವಾಗಲೂ ಮಧ್ಯಾಹ್ನದ ಮೇಲೆ.

ಸಾಯಂಕಾಲ ಮಂಜಯ್ಯ ಪೈಪು ತಂದುಕೊಟ್ಟ. ಗೋಡೌನಿನ ಮೆಟ್ಟಿಲ ಮೇಲೆ ಇತ್ತಂತೆ. ಬಟ್ಟಲಿನಲ್ಲಿ ಮಳೆ ನೀರು, ಒಂದು ಸತ್ತ ಇರುವೆ. ಈಗ ಭುವನಾ ನನ್ನನ್ನೂ ಕಪ್ಪಿಂಗಿಗೆ ಕರೆಯುತ್ತಾಳೆ, ಒಳಗೆ ಹೋಗುವಾಗ ಇಟ್ಟವನು ತೆಗೆದುಕೊಳ್ಳಲು ಮರೆತಿರಬೇಕು. ಅದು ಬುಧವಾರ, ಮಳೆಯ ಹಿಂದಿನ ದಿನ. ಮರ ಬಿರುಕು ಬಿಟ್ಟಿದೆಯೋ ಏನೋ. ನೀರು ಚೆಲ್ಲಿ ಮೂಸಿ ನೋಡಿದೆ, ಇನ್ನೂ ಇದೆ, ವೆನಿಲ್ಲಾ. ಹಠಮಾರಿ.

ನಾಳೆ ಒಣಗಿಸಿ, ಒಂದು ಸಲ ಸೇದಿ ನೋಡಬೇಕು. ಅಲ್ಲ, ನಾಳೆ ಆಗುವುದಿಲ್ಲ. ಬೆಳಗ್ಗೆ ಉಳಿದ ಮೂಟೆಗಳ ರುಚಿ ನೋಡುವುದಿದೆ, ಬಾಯಿ ಚೊಕ್ಕಟವಾಗಿರಬೇಕು ಎಂದಿದ್ದಾಳೆ. ನಾಡಿದ್ದೂ ಇದೆ.